ಹೆರಿಗೆ ರಜೆ ಮುಗಿಯುತ್ತಿದೆ, ಕಚೇರಿಯಲ್ಲಿ ಹಾಲು ಹಿಂಡಲು ಜಾಗವಿಲ್ಲ: ಏನು ಮಾಡಲಿ?

ಪ್ರಶ್ನೆ: ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಓಡಾಡುವುದು ಕಷ್ಟವಾಗಿ ಹೆರಿಗೆಗೆ ಹದಿನೈದು ದಿನ ಮೊದಲೇ ರಜೆ ಹಾಕಿದ್ದೆ. ಮುಂದಿನ ತಿಂಗಳು ಕೆಲಸಕ್ಕೆ ಹಾಜರಾಗಬೇಕು. ಆಗ ಮಗಳಿಗೆ ಐದೂವರೆ ತಿಂಗಳು ತುಂಬಿರುತ್ತದೆ. ಇದುವರೆಗೆ ಎದೆಹಾಲು ಬಿಟ್ಟು ಬೇರೇನನ್ನೂ ಕೊಟ್ಟಿಲ್ಲ. ಕಚೇರಿ ಮನೆಯಿಂದ 18 ಕಿ.ಮೀ. ದೂರ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಆರೂವರೆಗೆ. ಅತ್ತೆಯವರು ಈಗಿನಿಂದಲೇ ಬಾಟಲಿ, ಡಬ್ಬಿ ಹಾಲು ರೂಢಿ ಮಾಡು ಎನ್ನುತ್ತಾರೆ. ಕಚೇರಿಯಲ್ಲಿ ಹಾಲು ಹಿಂಡಿಕೊಳ್ಳಲು ಒಂದು ಜಾಗ ಕೊಡಿ ಎಂದು ಕೇಳಿದರೆ, ‘ನಿಯಮದಲ್ಲಿ ಅವಕಾಶವಿಲ್ಲ, ಬೇಕಾದರೆ ರಜೆ ಮುಂದುವರಿಸಿ’ ಎಂದರು. ಬಾಗಿಲು ಹಾಕಿಕೊಳ್ಳಬಹುದಾದ ಜಾಗವೆಂದರೆ ಶೌಚಾಲಯ ಮಾತ್ರ. ಹಾಲು ಬತ್ತಿಹೋಗುತ್ತದೆ ಎಂಬ ಭಯ ಕಾಡುತ್ತಿದೆ. ಒಮ್ಮೆ ಬತ್ತಿದರೆ ಮತ್ತೆ ಬರುತ್ತದೆಯೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ ಹದಿನೈದು ದಿನಗಳ ಮೇಲೆ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 135ನೇ ನಿಯಮದಂತೆ ನಿಮಗೆ ಸಿಗುವ ಹೆರಿಗೆ ರಜೆ 180 ದಿನ. ಮಗುವಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರನ್ನೂ ಕೊಡಬೇಡಿ ಎಂದು ನಾವು ವೈದ್ಯರು ಹೇಳುವ ಅವಧಿಯೂ ಹೆಚ್ಚು ಕಡಿಮೆ ಅಷ್ಟೇ. ಕಾಗದದ ಮೇಲೆ ಎರಡೂ ತಾಳೆಯಾಗುತ್ತವೆ. ಆದರೆ ತುಂಬಿದ ಹೊಟ್ಟೆ ಹೊತ್ತು ದಿನಕ್ಕೆ 36 ಕಿ.ಮೀ. ಓಡಾಡಲಾಗದೆ ನೀವು ಮುಂಚೆಯೇ ತೆಗೆದುಕೊಂಡ ದಿನಗಳು ಮಗುವಿನ ಲೆಕ್ಕದಿಂದ ಕಳೆದುಹೋದವು. ನನ್ನ ಬಳಿ ಬರುವ ಸರ್ಕಾರಿ ನೌಕರಿಯ ತಾಯಂದಿರಲ್ಲಿ ಎಷ್ಟೋ ಜನರ ಕಥೆ ಇದೇ. ಹಾಗಾಗಿ ಖಾತೆಯಲ್ಲಿ ಗಳಿಕೆ ರಜೆ ಇದ್ದರೆ ಹದಿನೈದು ದಿನ ಹೆರಿಗೆ ರಜೆಯ ಮುಂದುವರಿಕೆಯಾಗಿ ಸೇರಿಸಿಕೊಳ್ಳಿ. 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ಕೊಟ್ಟ ಶಿಶುಪಾಲನಾ ರಜೆಗೆ ಮಾತ್ರ ಈಗಲೇ ಕೈ ಹಾಕಬೇಡಿ. ಇಡೀ ಸೇವಾವಧಿಗೆ ಇರುವುದು 180 ದಿನ. ಮಗಳಿಗೆ ಹದಿನೆಂಟು ತುಂಬುವವರೆಗೆ ಅದು ನಿಮ್ಮ ಕೈಯಲ್ಲಿರಬೇಕಾದ ಗಂಟು. ನ್ಯುಮೋನಿಯಾ, ಮುರಿದ ಕೈ, ಹತ್ತನೇ ತರಗತಿಯ ಪರೀಕ್ಷೆ, ಎಲ್ಲಕ್ಕೂ ಅದೊಂದೇ.

ಆದರೆ ‘ಬೇಕಾದರೆ ರಜೆ ಮುಂದುವರಿಸಿ’ ಎಂಬುದು ನೀವು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಆರು ತಿಂಗಳ ನಂತರ ಮೇಲಾಹಾರದ ಜೊತೆಗೆ ಎರಡು ವರ್ಷದವರೆಗೆ, ಸಾಧ್ಯವಾದರೆ ಅದರಾಚೆಗೂ ಎದೆಹಾಲು ಮುಂದುವರಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷದ ರಜೆಯನ್ನು ಯಾವ ತಾಲ್ಲೂಕು ಕಚೇರಿಯೂ ಕೊಡಲಾರದು, ನೀವು ಅದನ್ನು ಕೇಳಿಯೂ ಇಲ್ಲ. ಕೆಲಸ ಮಾಡುತ್ತಲೇ ಹಾಲೂಡಿಸುವ ತಾಯಿಗೆ ಬೇಕಾದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಪುಟ್ಟ ಕೋಣೆ ಮತ್ತು ದಿನಕ್ಕೆ ಎರಡು ಬಾರಿ ಇಪ್ಪತ್ತು ನಿಮಿಷ. ಅದನ್ನು ಒದಗಿಸುವುದು ಕಚೇರಿಯ ಕೆಲಸ. ನಿಮ್ಮ ಮನೋಬಲದಿಂದಲೋ ಅತ್ತೆಯವರ ಸಹಕಾರದಿಂದಲೋ ಮಾತ್ರ ಆಗುವಂಥದ್ದಲ್ಲ.

ಯಾಕೆ ಎರಡು ಬಾರಿ ಎಂದರೆ, ಎದೆಹಾಲು ಕೆರೆಯ ನೀರಿನಂತೆ ಸಂಗ್ರಹವಾಗಿ ನಿಲ್ಲುವುದಿಲ್ಲ. ಅದು ಹೊಳೆಯ ಮರಳಿನಲ್ಲಿ ತೋಡಿದ ಒರತೆಯ ಹಾಗೆ. ಮೊಗೆದಷ್ಟೂ ಜಿನುಗುತ್ತದೆ, ಮೊಗೆಯದೆ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಮಗು ಚೀಪಿದಾಗ ಅಥವಾ ಕೈಯಿಂದ ಹಿಂಡಿದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲು ತಯಾರಿಸಲು, ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ತಯಾರಾದ ಹಾಲನ್ನು ಕೆಳಗಿಳಿಸಲು ಸೂಚನೆ ಕೊಡುತ್ತವೆ. ಎದೆ ಗಂಟೆಗಟ್ಟಲೆ ತುಂಬಿಕೊಂಡೇ ಇದ್ದರೆ ಹಾಲಿನಲ್ಲೇ ಇರುವ ಒಂದು ಅಂಶ ‘ಸಾಕು, ನಿಲ್ಲಿಸು’ ಎಂದು ಗ್ರಂಥಿಗಳಿಗೆ ತಿಳಿಸುತ್ತದೆ. ಒಂದು ದಿನ ಹೀಗಾದರೆ ಏನೂ ಆಗದು. ವಾರಗಟ್ಟಲೆ, ದಿನಕ್ಕೆ ಒಂಬತ್ತೂವರೆ ಗಂಟೆ ಹೀಗಾದರೆ ದೇಹ ಆ ಸೂಚನೆಯನ್ನೇ ನಂಬುತ್ತದೆ. ಆಕ್ಸಿಟೋಸಿನ್‌ಗೆ ಇನ್ನೂ ಒಂದು ಗುಣವಿದೆ: ಭಯ, ಮುಜುಗರ, ಆತುರ ಇದ್ದಲ್ಲಿ ಅದು ಹಿಂಜರಿಯುತ್ತದೆ. ಯಾರಾದರೂ ಬಾಗಿಲು ತಟ್ಟಿದರೆ ಇಳಿಯುತ್ತಿದ್ದ ಹಾಲು ನಿಂತುಹೋಗುವುದನ್ನು ಬಹಳಷ್ಟು ತಾಯಂದಿರು ಅನುಭವಿಸಿರುತ್ತಾರೆ. ಆ ಒಳಚಿಲಕದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಕೆಲವು ವರ್ಷಗಳ ಹಿಂದೆ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಜಾತ್ರೆಯ ಬಂದೋಬಸ್ತಿನಿಂದ ನೇರವಾಗಿ ನಮ್ಮ ತುರ್ತು ವಿಭಾಗಕ್ಕೆ ಬಂದಿದ್ದರು. ಬೆಳಗಿನ ಐದಕ್ಕೆ ನಿಂತವರು, ಸಂಜೆ ಆರರವರೆಗೆ ಬಿಸಿಲಲ್ಲಿ. ಮನೆಯಲ್ಲಿ ಏಳು ತಿಂಗಳ ಗಂಡು ಮಗು. ಖಾಕಿ ಅಂಗಿಯೊಳಗೆ ಹಳೆಯ ಹತ್ತಿ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಅದು ನೆನೆದು, ಅಂಗಿಗೂ ಹರಡಿ, ಒಣಗಿ, ಅಂಗೈ ಅಗಲದ ಎರಡು ಕಲೆಗಳು ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿದ್ದವು. ಮೈ ಕೆಂಡ. ಬಲಗಡೆಯ ಎದೆ ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಕೆಂಪಾಗಿ, ಕಲ್ಲಿನಂತೆ ಗಟ್ಟಿಯಾಗಿತ್ತು. ‘ಹಾಲು ನಿಲ್ಲುವ ಮಾತ್ರೆ ಕೊಟ್ಟುಬಿಡಿ ಮೇಡಂ’ ಎಂದರು. ಅವರಿಗೆ ಆಗಿದ್ದು ಎದೆಯ ಸೋಂಕು, ಮ್ಯಾಸ್ಟೈಟಿಸ್. ಔಷಧ ಕೊಟ್ಟೆವು, ಮಗುವನ್ನು ಕರೆಸಿ ಅದೇ ಎದೆಗೆ ಹಚ್ಚಿಸಿದೆವು. ಹಾಗೆ ಕುಡಿಸುವುದರಿಂದ ಮಗುವಿಗೆ ತೊಂದರೆಯಿಲ್ಲ, ತಾಯಿಗೆ ಆರಾಮ. ವಾರದೊಳಗೆ ಗುಣವಾದರು. ಆದರೆ ತಿಂಗಳೊಳಗೆ ಇನ್ನೊಂದು ಬಂದೋಬಸ್ತು ಬಂತು, ಅದರ ಮುಂದಿನ ತಿಂಗಳು ಮತ್ತೊಂದು. ಒಂಬತ್ತನೇ ತಿಂಗಳಲ್ಲಿ ಅವರು ಹಾಲು ಬಿಡಿಸಿದರು. ಆಕೆಗೆ ಮನಸ್ಸಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬಾರದು. ಹದಿಮೂರು ಗಂಟೆಯ ನಡುವೆ ಎರಡು ಸಲ ಇಪ್ಪತ್ತು ನಿಮಿಷ ಸಿಕ್ಕಿದ್ದರೆ ಆ ಸೋಂಕೇ ಆಗುತ್ತಿರಲಿಲ್ಲ.

ನಾನೂ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತ ತಾಯಿಯಾದವಳು. ಆಗ ಹೆರಿಗೆ ರಜೆ ಇಷ್ಟು ಉದ್ದವಿರಲಿಲ್ಲ. ಹೊರರೋಗಿ ವಿಭಾಗದ ಗೋಡೆಯ ಮೇಲೆ ಎದೆಹಾಲಿನ ಮಹತ್ವ ಸಾರುವ ದೊಡ್ಡ ಫಲಕವಿತ್ತು. ಅದರ ಕೆಳಗೆ ಕುಳಿತು ದಿನಕ್ಕೆ ಇಪ್ಪತ್ತು ತಾಯಂದಿರಿಗೆ ಬುದ್ಧಿ ಹೇಳುತ್ತಿದ್ದ ನಾನು, ಮಧ್ಯಾಹ್ನ ಶೌಚಾಲಯದಲ್ಲಿ ನಿಂತು ಮಗುವಿನ ಪಾಲಿನ ಹಾಲನ್ನು ಹಿಂಡಿ ಚೆಲ್ಲಿ ಬರುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಶೌಚಾಲಯದಲ್ಲಿ ಹಿಂಡಿದ ಹಾಲನ್ನು ಮಗುವಿಗೆ ಕೊಡಲಾಗದು, ಹಾಗೆ ಹಿಂಡಿ ಎಂದು ಯಾರಿಗೂ ಹೇಳಲೂ ಬಾರದು. ಅಲ್ಲಿ ಯಾರಾದರೂ ತಮ್ಮ ಊಟದ ಡಬ್ಬಿ ಬಿಚ್ಚುತ್ತಾರೆಯೇ?

ಈಗ ನಿಮ್ಮ ದಿನದ ಲೆಕ್ಕಕ್ಕೆ ಬರೋಣ. ಒಂದರಿಂದ ಆರು ತಿಂಗಳ ನಡುವಿನ ಮಗು ಇಪ್ಪತ್ನಾಲ್ಕು ಗಂಟೆಗೆ ಸರಾಸರಿ 750 ಮಿ.ಲೀ. ಹಾಲು ಕುಡಿಯುತ್ತದೆ. ನೀವು ಮನೆಯಲ್ಲಿರದ ಒಂಬತ್ತೂವರೆ ಗಂಟೆಗೆ ಸುಮಾರು 300 ಮಿ.ಲೀ. ಸಾಕು, ಅಂದರೆ ದೊಡ್ಡ ಲೋಟದ ಒಂದೂವರೆ ಲೋಟ. ಹೇಳಿದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ, ಅವರ ಮನಸ್ಸಿನಲ್ಲಿ ಲೀಟರುಗಟ್ಟಲೆ ಬೇಕೆಂಬ ಹೆದರಿಕೆ ಇರುತ್ತದೆ. ಬೆಳಗಿನ ಜಾವ ಐದಕ್ಕೆ ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಹಿಂಡಿಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಹಾಲು ಧಾರಾಳ. ಹೊರಡುವ ಮುನ್ನ ಎಂಟೂಮುಕ್ಕಾಲಕ್ಕೆ ಹೊಟ್ಟೆ ತುಂಬ ಕುಡಿಸಿ. ಕಚೇರಿಯಲ್ಲಿ ಹನ್ನೆರಡರ ಆಸುಪಾಸಿಗೆ ಒಮ್ಮೆ, ಮೂರೂಕಾಲಕ್ಕೆ ಒಮ್ಮೆ ಹಿಂಡಿ. ಇವತ್ತು ಕಚೇರಿಯಲ್ಲಿ ಹಿಂಡಿದ್ದು ನಾಳೆಯ ಊಟ. ಮನೆಗೆ ಬಂದೊಡನೆ ಕಾಲು ತೊಳೆದು, ಬೇರೆ ಕೆಲಸ ಬದಿಗಿಟ್ಟು ಮಗುವನ್ನು ಎತ್ತಿಕೊಳ್ಳಿ. ರಾತ್ರಿ ಪಕ್ಕದಲ್ಲೇ ಮಲಗಿಸಿ, ಕೇಳಿದಾಗಲೆಲ್ಲ ಕೊಡಿ. ರಾತ್ರಿಯಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ. ನೌಕರಿಯ ತಾಯಿಯ ಹಾಲನ್ನು ಕಾಪಾಡುವುದು ರಾತ್ರಿಯ ಆ ಎರಡು ಮೂರು ಸರದಿಗಳೇ.

ಪಂಪು ಕೊಳ್ಳಲೇಬೇಕೆಂದಿಲ್ಲ. ಇದ್ದರೆ ಬಳಸಿ, ಇಲ್ಲದಿದ್ದರೆ ಕೈಯೇ ಸಾಕು. ಸೋಪಿನಿಂದ ಕೈ ತೊಳೆದು, ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ ಕುಳಿತುಕೊಳ್ಳಿ. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನು ಮೆಲ್ಲಗೆ ಕೂಡಿಸಿ, ಬಿಡಿ. ಒತ್ತು, ಕೂಡಿಸು, ಬಿಡು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಹನಿಯೂ ಕಾಣದೆ ‘ನನಗೆ ಹಾಲೇ ಇಲ್ಲ’ ಎಂದು ಕಣ್ಣಲ್ಲಿ ನೀರು ಬರುತ್ತದೆ. ಕೈ ನಿಲ್ಲಿಸಬೇಡಿ. ಮೊಬೈಲಿನಲ್ಲಿ ಮಗಳ ನಗುವಿನ ವಿಡಿಯೊ ನೋಡುತ್ತಿರಿ, ಅವಳು ಹಾಕಿ ಬಿಟ್ಟ ಅಂಗಿಯನ್ನು ಮೂಗಿನ ಹತ್ತಿರ ಹಿಡಿದುಕೊಳ್ಳಿ. ಎದೆಯಲ್ಲಿ ಜುಮ್ಮೆನ್ನುತ್ತದೆ, ಲೋಟದ ಗೋಡೆಗೆ ಒಂದು ಹನಿ ತಾಗುತ್ತದೆ, ಮತ್ತೊಂದು, ಆಮೇಲೆ ಎರಡು ಮೂರು ಎಳೆಗಳಾಗಿ ಚಿಮ್ಮುತ್ತದೆ. ಬೆರಳುಗಳ ಜಾಗ ಬದಲಿಸುತ್ತ, ಎದೆ ಬದಲಿಸುತ್ತ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಮೊದಲ ವಾರ 40 ಮಿ.ಲೀ. ಬಂದರೂ ಅದು ಸೋಲಲ್ಲ, ಕೈಗೆ ಅಭ್ಯಾಸ ಆಗಬೇಕು. ಅದಕ್ಕಾಗಿಯೇ ಕೆಲಸಕ್ಕೆ ಸೇರುವ ಎರಡು ವಾರ ಮೊದಲೇ ಮನೆಯಲ್ಲಿ ದಿನಕ್ಕೊಮ್ಮೆ ಹಿಂಡಲು ಶುರುಮಾಡಿ.

ಹಿಂಡಿದ ಹಾಲನ್ನು ಕುದಿಸಿದ ನೀರಿನಲ್ಲಿ ತೊಳೆದ, ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ದಿನಾಂಕ ಮತ್ತು ಸಮಯ ಬರೆದ ಚೀಟಿ ಅಂಟಿಸಿ. 25 ಡಿಗ್ರಿಯವರೆಗಿನ ತಣ್ಣನೆಯ ಕೋಣೆಯಲ್ಲಿ ಅದು ನಾಲ್ಕು ಗಂಟೆ ಕೆಡದು. ನಮ್ಮ ಬೇಸಿಗೆಯಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿಯ ಕಡೆಯಾದರೆ, ಆ ನಾಲ್ಕು ಗಂಟೆಯನ್ನು ನಂಬಬೇಡಿ. ಹಿಂಡಿದ ಕೂಡಲೇ ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಗೋ ಶಾಖ ತಡೆಯುವ ಚೀಲಕ್ಕೋ ಸೇರಿಸಿ. ಐಸ್ ಪ್ಯಾಕ್‌ಗಳು ಗಟ್ಟಿಯಾಗಿರುವಷ್ಟು ಹೊತ್ತು, 24 ಗಂಟೆಯ ಒಳಗೆ, ಹಾಲು ಸುರಕ್ಷಿತ. ಫ್ರಿಜ್‌ನಲ್ಲಿ ಬಾಗಿಲ ಕಡೆ ಇಡದೆ ಒಳಗಡೆ ಹಿಂದಕ್ಕೆ ಇಟ್ಟರೆ ನಾಲ್ಕು ದಿನ. ಇಟ್ಟ ಹಾಲು ಮೇಲೆ ಕೆನೆ, ಕೆಳಗೆ ನೀಲಿ ಛಾಯೆಯ ತೆಳು ನೀರಾಗಿ ಬೇರ್ಪಡುತ್ತದೆ. ಕೆಟ್ಟಿತೆಂದು ಚೆಲ್ಲಿದವರನ್ನು ನಾನು ಬಲ್ಲೆ. ಮೆಲ್ಲಗೆ ತಿರುಗಿಸಿದರೆ ಮತ್ತೆ ಬೆರೆಯುತ್ತದೆ.

ಮನೆಯಲ್ಲಿ ಎಲ್ಲರಿಗೂ ಹೇಳಬೇಕಾದ ಮುಖ್ಯ ಮಾತು: ಈ ಹಾಲನ್ನು ಒಲೆಯ ಮೇಲೆ ಕಾಯಿಸಬಾರದು. ಹಾಲೆಂದರೆ ಉಕ್ಕಿಸುವುದು ನಮ್ಮ ಕೈಗಳಿಗೆ ಅಂಟಿದ ಅಭ್ಯಾಸ. ಎದೆಹಾಲನ್ನು ಕಾಯಿಸಿದರೆ ಅದರೊಳಗಿನ ರೋಗನಿರೋಧಕ ಅಂಶಗಳು ಹಾಳಾಗುತ್ತವೆ. ಬಿಸಿನೀರಿನ ಬಟ್ಟಲಲ್ಲಿ ಡಬ್ಬಿಯನ್ನು ಕೆಲವು ನಿಮಿಷ ಇಟ್ಟರೆ ಮೈ ಶಾಖಕ್ಕೆ ಬರುತ್ತದೆ. ಮಗು ಕುಡಿದು ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಬಳಸಬೇಕು, ಆಮೇಲೆ ಚೆಲ್ಲಿ.

ಅತ್ತೆಯವರ ವಿಷಯ. ಅವರು ನಿಮಗೆ ಎದುರಾಳಿಯಲ್ಲ, ಹಸಿದ ಮಗುವಿನ ಜೊತೆ ಒಂಬತ್ತೂವರೆ ಗಂಟೆ ಒಬ್ಬರೇ ಇರಬೇಕಾದವರು. ಅವರ ಆತಂಕ ನಿಜವಾದದ್ದು. ಹಿಂಡಿದ ಹಾಲು ತಂಗಳು, ದೃಷ್ಟಿಯಾಗುತ್ತದೆ, ಬಿಸಿಲಲ್ಲಿ ಬಂದ ತಾಯಿಯ ಹಾಲು ಕೆಟ್ಟಿರುತ್ತದೆ ಎಂಬ ಮಾತುಗಳು ಅವರ ಕಿವಿಗೂ ಬಿದ್ದಿರಬಹುದು. ಬಿಸಿಲಿನಿಂದ ಹಾಲು ಕೆಡುವುದಿಲ್ಲ, ಆದರೆ ವಾದಕ್ಕಿಂತ ಕೆಲಸ ಹಂಚಿಕೊಂಡರೆ ಬೇಗ ದಾರಿಯಾಗುತ್ತದೆ. ಅವರ ಅಟ್ಟದ ಮೇಲೆ ಹಳೆಯ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಚೂಪು ತುದಿಯ ಪುಟ್ಟ ಬಟ್ಟಲು, ಇದ್ದರೆ ತೆಗೆಸಿ, ಕುದಿಸಿ. ನಿಮ್ಮ ಯಜಮಾನರು ಕುಡಿದು ಬೆಳೆದದ್ದು ಅದರಲ್ಲೇ ಇರಬಹುದು. ಬಾಟಲಿಯ ತೊಟ್ಟಿನ ಮೂಲೆಗಳಲ್ಲಿ ಉಳಿಯುವ ಹಾಲು ಸೋಂಕಿನ ತವರು. ಒಳಲೆಯನ್ನೋ ಚಿಕ್ಕ ಬಟ್ಟಲು ಚಮಚವನ್ನೋ ಪೂರ್ತಿ ಉಜ್ಜಿ ತೊಳೆಯಬಹುದು, ಮಗುವಿಗೆ ಎದೆಯನ್ನು ಚೀಪುವ ರೂಢಿಯೂ ತಪ್ಪುವುದಿಲ್ಲ. ಒಂದೇ ಎಚ್ಚರಿಕೆ: ಹಿಂದಿನವರು ಕೆಲವರು ಮಾಡುತ್ತಿದ್ದಂತೆ ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಸುರಿಯಬಾರದು. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತೊಡೆಯ ಮೇಲೆ ನೆಟ್ಟಗೆ ಕುಳ್ಳಿರಿಸಿ, ಕೆಳತುಟಿಗೆ ತಾಗಿಸಿದರೆ ಮಗು ತಾನೇ ನಾಲಿಗೆ ಚಾಚಿ ನೆಕ್ಕಿ ಕುಡಿಯುತ್ತದೆ. ಮೊದಲ ಕೆಲವು ದಿನ ನೀವು ಕೊಟ್ಟರೆ ಕುಡಿಯುವುದಿಲ್ಲ, ನಿಮ್ಮ ವಾಸನೆ ಹತ್ತಿದರೆ ಅದಕ್ಕೆ ಎದೆಯೇ ಬೇಕು. ಅತ್ತೆಯವರೇ ಕೊಡಲಿ, ನೀವು ಆ ಹೊತ್ತಿಗೆ ಹಿತ್ತಲಿಗೆ ಹೋಗಿ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಬೇಳೆ ಹಾಕಿ ನುರಿದ ಮೆತ್ತನೆಯ ಅನ್ನ ಶುರುವಾಗುತ್ತದೆ. ಹಗಲಿನ ಹೊತ್ತು ಸಲೀಸಾಗುತ್ತದೆ. ಅಷ್ಟರೊಳಗೆ ಯಾವುದೋ ಒಂದು ದಿನ ಹಾಲು ಸಾಲದೆ ಡಬ್ಬಿ ಹಾಲು ಕೊಡಬೇಕಾಗಿ ಬಂದರೆ ಅದನ್ನೊಂದು ಅಪರಾಧವೆಂದು ಹೊತ್ತು ತಿರುಗಬೇಡಿ. ವೈದ್ಯರನ್ನು ಕೇಳಿ, ಅಳತೆ ತಪ್ಪದೆ ಕೊಡಿ, ಮರುದಿನ ಮತ್ತೆ ಹಿಂಡಿ. ಹಸುವಿನ ಹಾಲು ಮಾತ್ರ ವರ್ಷ ತುಂಬುವ ಮೊದಲು ಬೇಡ.

ಇನ್ನು ಕಚೇರಿ. ‘ನಿಯಮದಲ್ಲಿ ಅವಕಾಶವಿಲ್ಲ’ ಎಂದವರು ಬಹುಶಃ ಸೇವಾ ನಿಯಮಾವಳಿಯ ರಜೆಯ ಅಧ್ಯಾಯವನ್ನಷ್ಟೇ ನೋಡಿದ್ದಾರೆ. ಕೆಲಸದ ನಡುವೆ ಹಾಲೂಡಿಸಲು ವಿರಾಮ ಎಂಬ ಮಾತನ್ನು ನಮ್ಮ ದೇಶದ ಕಾನೂನು ಆಡಿದ್ದು 1961ರಲ್ಲೇ. ಆ ವರ್ಷದ ಮಾತೃತ್ವ ಸೌಲಭ್ಯ ಕಾಯ್ದೆಯ 11ನೇ ಸೆಕ್ಷನ್, ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ತಾಯಿಗೆ ಮಾಮೂಲಿ ವಿಶ್ರಾಂತಿಯ ವೇಳೆಯಲ್ಲದೆ ದಿನಕ್ಕೆ ಎರಡು ವಿರಾಮ ಕೊಡಬೇಕು ಎಂದಿತು. 2017ರ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂದು ಸೇರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇವೆರಡೂ ಹಾಗೆಯೇ ಮುಂದುವರಿದಿವೆ. ಈ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ, ನಾವು ನಾಗರಿಕ ಸೇವಾ ನಿಯಮದವರು ಎಂದು ಮೇಲಧಿಕಾರಿಗಳು ಹೇಳಬಹುದು. ಆ ಚರ್ಚೆಗೆ ನೀವು ಇಳಿಯಬೇಕಾಗಿಲ್ಲ. ಖಾಸಗಿ ಕಾರ್ಖಾನೆಯ ಮಾಲೀಕರಿಗೆ ಸರ್ಕಾರ ಕಡ್ಡಾಯ ಮಾಡಿದ್ದನ್ನು ಸರ್ಕಾರವೇ ತನ್ನ ಕಚೇರಿಯಲ್ಲಿ ಮಾಡಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಅದಕ್ಕೆ ಕಚೇರಿಯ ಮುಖ್ಯಸ್ಥರ ಒಂದು ಜ್ಞಾಪನ ಸಾಕು.

ಕೊಠಡಿಯ ವಿಷಯದಲ್ಲಿ ನಿಮ್ಮ ಆಧಾರ ಇನ್ನೂ ಗಟ್ಟಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರ ಫೆಬ್ರುವರಿ 27ರಂದು ಎಲ್ಲ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಪತ್ರ ಬರೆದು, ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೊಠಡಿಗಳನ್ನು ಒದಗಿಸುವಂತೆ ಸೂಚಿಸಿತ್ತು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪ್ರಸನ್ನ ಬಿ. ವರಾಳೆ ಅವರ ಪೀಠ ಆ ಪತ್ರವನ್ನು ರಾಜ್ಯಗಳಿಗೆ ಮತ್ತೆ ನೆನಪಿಸಬೇಕೆಂದು ಹೇಳಿತು. ಈಗಿರುವ ಕಟ್ಟಡಗಳಲ್ಲಿ ಸಾಧ್ಯವಾದ ಮಟ್ಟಿಗೆ, ಕಟ್ಟಬೇಕಾಗಿರುವ ಕಟ್ಟಡಗಳಲ್ಲಿ ನಕ್ಷೆಯ ಹಂತದಲ್ಲೇ ಜಾಗ ಮೀಸಲಿಟ್ಟು ಇದನ್ನು ಜಾರಿಗೆ ತರಬೇಕು ಎಂದಿತು. ನಮ್ಮ ಹೈಕೋರ್ಟ್ ಇನ್ನೂ ಮೊದಲೇ, 2021ರ ಸೆಪ್ಟೆಂಬರ್‌ನಲ್ಲಿ, ಮಗುವಿಗೆ ಹಾಲೂಡಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಅದಕ್ಕೆ ಸಂವಿಧಾನದ 21ನೇ ವಿಧಿಯ ರಕ್ಷಣೆಯಿದೆ ಎಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ತೀರ್ಪಿನಲ್ಲಿ ಹೇಳಿತ್ತು.

ತಾಲ್ಲೂಕು ಕಚೇರಿ ಸಾರ್ವಜನಿಕ ಕಟ್ಟಡ ಹೌದೋ ಅಲ್ಲವೋ ಎಂಬ ಅನುಮಾನವೇ ಬೇಡ. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ, ವಿಧವಾ ವೇತನಕ್ಕೆ ಹಸುಗೂಸನ್ನು ಸೊಂಟದಲ್ಲಿಟ್ಟುಕೊಂಡು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ನಿಮ್ಮ ಮೇಜಿನ ಮುಂದೆಯೇ ಸಾಲುಗಟ್ಟಿ ನಿಲ್ಲುತ್ತಾರೆ. ಮಗು ಅತ್ತರೆ ಸೆರಗು ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಹೋಗಿ ಕೂರುತ್ತಾರೆ, ಅಷ್ಟರಲ್ಲಿ ಸರದಿ ತಪ್ಪುತ್ತದೆ. ಆದ್ದರಿಂದ ‘ನನಗೊಂದು ಕೊಠಡಿ’ ಎಂದು ಕೇಳಬೇಡಿ, ಈ ಕಟ್ಟಡಕ್ಕೆ ಬರುವ ತಾಯಂದಿರಿಗೆಲ್ಲ ಎಂದು ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರವೇ ಸಿಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬರವಣಿಗೆಯಲ್ಲಿ ಕೊಡಿ, ಕಡತ ಹುಟ್ಟಲಿ. ಹೀಗೆ ಬರೆಯಬಹುದು:

‘ವಿಷಯ: ಕಚೇರಿಯಲ್ಲಿ ಹಾಲೂಡಿಸುವ ತಾಯಂದಿರಿಗೆ ಕೊಠಡಿ ಹಾಗೂ ವಿರಾಮ ಒದಗಿಸುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹೆರಿಗೆ ರಜೆ ಮುಗಿಸಿ ನಾನು ಕರ್ತವ್ಯಕ್ಕೆ ಹಾಜರಾಗಲಿದ್ದು, ನನ್ನ ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ಪ್ರತಿದಿನ ಬೆಳಿಗ್ಗೆ 11.45ರಿಂದ 12.05ರವರೆಗೆ ಹಾಗೂ ಮಧ್ಯಾಹ್ನ 3.15ರಿಂದ 3.35ರವರೆಗೆ ವಿರಾಮ ಮಂಜೂರು ಮಾಡಬೇಕೆಂದೂ, ಹಳೆಯ ಪೀಠೋಪಕರಣಗಳನ್ನು ಇರಿಸಿರುವ ಕೊಠಡಿಯನ್ನು ತೆರವುಗೊಳಿಸಿ ಕಚೇರಿಯ ಎಲ್ಲ ಮಹಿಳಾ ಸಿಬ್ಬಂದಿ ಮತ್ತು ಕಚೇರಿಗೆ ಬರುವ ತಾಯಂದಿರ ಬಳಕೆಗೆ ಒದಗಿಸಬೇಕೆಂದೂ ಕೋರುತ್ತೇನೆ.’

ಸಮಯವನ್ನು ಗಂಟೆ ನಿಮಿಷದ ಸಮೇತ ನಮೂದಿಸಿ. ‘ಸ್ವಲ್ಪ ಬಿಡುವು’ ಎಂದು ಕೇಳಿದರೆ ಅದು ದಿನವೂ ಬೇಡಬೇಕಾದ ಉಪಕಾರವಾಗುತ್ತದೆ. ಕೊಠಡಿಯನ್ನೂ ಗುರುತಿಸಿಯೇ ಕೇಳಿ, ಯಾವುದು ಖಾಲಿ ಮಾಡಬಹುದೆಂದು ಆ ಕಟ್ಟಡದಲ್ಲಿ ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೇಂದ್ರದ ಪತ್ರ ಮತ್ತು ಸುಪ್ರೀಂ ಕೋರ್ಟಿನ ಆದೇಶದ ಉಲ್ಲೇಖ ಹಾಕಿ. ಟಪಾಲು ಶಾಖೆಯಲ್ಲಿ ಕೊಟ್ಟು ಎರಡನೇ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಕೆಲಸಕ್ಕೆ ಸೇರುವ ಮೂರು ವಾರ ಮೊದಲೇ ಕೊಡಿ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಕಳಿಸಿ. ಚುನಾವಣಾ ಕೆಲಸದ ಆದೇಶ ಬಂದರೆ ಕೂಡಲೇ ವಿನಾಯಿತಿ ಕೋರಿ ಪ್ರತ್ಯೇಕ ಅರ್ಜಿ ಹಾಕಿ. ಗಂಟೆಗಟ್ಟಲೆ ನಡೆಯುವ ವಿಡಿಯೊ ಸಂವಾದದ ದಿನ, ನಿಮ್ಮ ಶಾಖೆಯ ಸರದಿ ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ಕೇಳಿಕೊಳ್ಳಿ.

ಕೊಠಡಿ ದೊಡ್ಡದಿರಬೇಕಿಲ್ಲ. ಆರು ಅಡಿ ಅಗಲ, ಎಂಟು ಅಡಿ ಉದ್ದ ಸಾಕು. ಬೆನ್ನಿಗೆ ಆಸರೆಯಿರುವ ಕುರ್ಚಿ, ಪುಟ್ಟ ಮೇಜು, ಒಂದು ಪ್ಲಗ್, ಕಿಟಕಿಗೆ ಪರದೆ, ಹತ್ತಿರದಲ್ಲಿ ಕೈ ತೊಳೆಯುವ ನೀರು, ಬಾಗಿಲಿಗೆ ಒಳಚಿಲಕ. ಬಣ್ಣದ ಚಿತ್ರಗಳನ್ನು ಬರೆಸಿ, ಫಲಕ ಹಾಕಿ, ದೀಪ ಬೆಳಗಿ ತೆರೆದ ಎಷ್ಟೋ ಕೊಠಡಿಗಳನ್ನು ನಾನು ಕಂಡಿದ್ದೇನೆ. ಆರು ತಿಂಗಳ ನಂತರ ಹೋದರೆ ಅಲ್ಲಿ ಹಾಳಾದ ಯುಪಿಎಸ್ ಬ್ಯಾಟರಿಗಳು, ಕಟ್ಟು ಬಿಚ್ಚದ ಕರಪತ್ರಗಳು. ಬೀಗದ ಕೈ ಯಾರೋ ಒಬ್ಬರ ಮೇಜಿನ ಡ್ರಾಯರಿನಲ್ಲಿ, ಅವರು ಮಧ್ಯಾಹ್ನ ಹೊರಗೆ ಹೋಗಿರುತ್ತಾರೆ. ಹಾಲು ಕಟ್ಟಿಕೊಂಡ ತಾಯಿ ಗಂಡಸಿನ ಮೇಜಿನ ಮುಂದೆ ನಿಂತು ಬೀಗದ ಕೈ ಕೇಳಬೇಕಾದರೆ ಆ ಕೊಠಡಿ ಇದ್ದೂ ಇಲ್ಲದಂತೆ. ಹೊರಗಿನ ಬೀಗ ಬೇಡ ಎಂಬ ಮಾತನ್ನು ಆದೇಶದಲ್ಲೇ ಬರೆಸಿ.

ಗ್ರಾಮೀಣ ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ನಮ್ಮ ರಾಜ್ಯವೇ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ಮಾಡಿತು. ಆ ಕಡತಗಳು ಓಡಾಡಿದ ಕಚೇರಿಗಳಲ್ಲಿಯೂ ಕೂಸುಗಳ ತಾಯಂದಿರು ಕೆಲಸ ಮಾಡುತ್ತಾರೆ. ಅವರಲ್ಲಿ ನಿಮಗಿಂತ ಕಷ್ಟದಲ್ಲಿರುವವರೂ ಇದ್ದಾರೆ. ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್, ಬೆಳಿಗ್ಗೆ ಕಸ ಗುಡಿಸುವ ಹೆಣ್ಣುಮಗಳು, ಇವರಿಗೆ 135ನೇ ನಿಯಮ ಇಲ್ಲ, ಕೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇದೆ. ದಿನಗೂಲಿಯ ಮೇಲೆ ದುಡಿಯುವ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2000ದಲ್ಲಿ. ನಿಮ್ಮ ಅರ್ಜಿಯಲ್ಲಿ ‘ಎಲ್ಲ ಮಹಿಳಾ ಸಿಬ್ಬಂದಿ’ ಎಂಬ ಮೂರು ಪದಗಳನ್ನು ಯಾರು ಹೊಡೆದುಹಾಕಿದರೂ ಒಪ್ಪಬೇಡಿ.

ಯಾರೂ ಕೇಳದ, ಆದರೆ ನಾನು ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಎದೆಹಾಲು ಮಾತ್ರ ಕುಡಿಸುವ ಮೊದಲ ಆರು ತಿಂಗಳಲ್ಲಿ, ಮುಟ್ಟು ಮರಳಿ ಬಂದಿರದಿದ್ದರೆ, ಮತ್ತೆ ಗರ್ಭ ನಿಲ್ಲುವ ಸಾಧ್ಯತೆ ಬಹಳ ಕಡಿಮೆ. ಆದರೆ ಹಗಲಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬಿದ್ದ ಕೂಡಲೇ ಆ ರಕ್ಷಣೆಯನ್ನು ನಂಬುವಂತಿಲ್ಲ. ಕೆಲಸಕ್ಕೆ ಸೇರುವ ಮೊದಲೇ ಗರ್ಭನಿರೋಧಕದ ಬಗ್ಗೆ ವೈದ್ಯರ ಬಳಿ ಮಾತನಾಡಿ, ಕಾಪರ್-ಟಿ ಒಳ್ಳೆಯ ಆಯ್ಕೆ. ಮಾಲಾ-ಎನ್‌ನಂಥ ಮಾತ್ರೆಗಳು ಹಾಲನ್ನು ಕಡಿಮೆ ಮಾಡಬಹುದು, ಈಗ ಬೇಡ. ಎದೆಯಲ್ಲಿ ಗಂಟು ಕಂಡರೆ ಮಗುವಿಗೆ ಕುಡಿಸುವುದನ್ನು ಮುಂದುವರಿಸಿ, ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಇಡಿ, ಗಟ್ಟಿಯಾಗಿ ಉಜ್ಜಬೇಡಿ. ಜ್ವರ, ಕೆಂಪು, ಚಳಿ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಬನ್ನಿ.

ನಿಮ್ಮ ಕೊನೆಯ ಪ್ರಶ್ನೆ: ಬತ್ತಿದ ಹಾಲು ಮತ್ತೆ ಬರುತ್ತದೆಯೇ. ಬರುತ್ತದೆ. ವಾರದ ಕೊನೆಗೆ ಎದೆ ಸಡಿಲವಾಗಿದೆ, ಹಿಂಡಿದರೆ ಅರ್ಧ ಲೋಟವೂ ತುಂಬುತ್ತಿಲ್ಲ ಎನಿಸಿದರೆ ಹೆದರಬೇಡಿ. ಸರ್ಕಾರಿ ನೌಕರರಿಗೆ ತಿಂಗಳಿನಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆಗಳಿವೆ. ಆ ಶನಿವಾರ, ಭಾನುವಾರ ಗೃಹಪ್ರವೇಶ, ನಾಮಕರಣ ಎಂದು ಎಲ್ಲಿಗೂ ಹೋಗದೆ, ಅಡುಗೆಮನೆಯನ್ನು ಯಜಮಾನರಿಗೆ ಒಪ್ಪಿಸಿ, ಮಗಳನ್ನು ಬರೀ ಲಂಗೋಟಿಯಲ್ಲಿ ನಿಮ್ಮ ಎದೆಯ ಮೇಲೆ ಮಲಗಿಸಿಕೊಳ್ಳಿ. ಎರಡು ಗಂಟೆಗೊಮ್ಮೆ, ಅವಳು ಕೇಳದಿದ್ದರೂ ಹಚ್ಚಿ. ಎರಡನೇ ರಾತ್ರಿಯ ಹೊತ್ತಿಗೆ ಎದೆ ಮತ್ತೆ ಬಿಗಿಯತೊಡಗುತ್ತದೆ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತಾಗ ಇನ್ಯಾರದೋ ಮಗು ಅತ್ತರೂ ನಿಮ್ಮ ರವಿಕೆ ಒದ್ದೆಯಾಗಬಹುದು. ಚೀಲದಲ್ಲಿ ಎರಡು ಹತ್ತಿ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ.